ಹಗ್ಗ ಕಾಣದ ಕೆಂದಿ

ಬೇಸಿಗೆ ಬಂತೆಂದರೆ ನಮ್ಮ ಕಡೆ ದನಗಳ ಹೆಸರಿನಲ್ಲಿ ಜಗಳ ಶುರುವಾಗುತ್ತದೆ. ನಿಮ್ಮ ಹಸು ನಮ್ಮ ಬಣವೆಗೆ ಬಾಯಿ ಹಾಕಿತು ಎಂದು ಒಬ್ಬರು, ನಿಮ್ಮ ಎಮ್ಮೆ ನಮ್ಮ ಬಾನಿಯ ನೀರು ಕುಡಿದು ಹೋಯಿತು ಎಂದು ಇನ್ನೊಬ್ಬರು. ದನಗಳು ಪಾಪ, ತಮ್ಮತಮ್ಮಲ್ಲಿ ಚೆನ್ನಾಗಿಯೇ ಇರುತ್ತವೆ. ಹಸಿವು ಅವಕ್ಕೆ, ಬಾಯಿ ನಮಗೆ.

ಎಪ್ಪತ್ತೆರಡರಲ್ಲಿ ಮಳೆ ಕೈಕೊಟ್ಟಿತಲ್ಲ, ಅದರ ಮುಂದಿನ ಬೇಸಿಗೆಯ ಮಾತು ಇದು. ಹೊಸದುರ್ಗ ತಾಲ್ಲೂಕಿನ ಬಾಗೂರಿಗೆ ಒಂದು ಮೈಲಿ ದೂರದಲ್ಲಿ ಒಂದು ಗೊಲ್ಲರಹಟ್ಟಿ. ಆ ಹಟ್ಟಿಯಲ್ಲಿ ಚಿತ್ತಮ್ಮನ ಮನೆ. ಗಂಡ ಕಾಟಲಿಂಗಪ್ಪ ಮಗನನ್ನು ಕರೆದುಕೊಂಡು ಕುರಿ ಹೊಡೆದುಕೊಂಡು ಭೀಮಸಮುದ್ರದ ಕಡೆ ಹೋಗಿದ್ದ. ಮಳೆ ಹಿಡಿಯುವವರೆಗೂ ಅವರು ಬರುವವರಲ್ಲ. ಮನೆಯಲ್ಲಿ ಉಳಿದವರು ಚಿತ್ತಮ್ಮ, ಸೊಸೆ ಚಂದ್ರಕ್ಕ, ನಾಲ್ಕು ವರ್ಷದ ಮೊಮ್ಮಗಳು ಮತ್ತು ಕೆಂದಿ.

ಕೆಂದಿ ಎಂದರೆ ಹಸು. ಕೆಂಪು ಮೈ, ಹಣೆಯಲ್ಲಿ ಒಂದು ಬಿಳಿ ಬೊಟ್ಟು, ಚೊಚ್ಚಲ ಗಬ್ಬ. ಆದರೆ ಕೆಂದಿ ಬರೀ ಹಸುವಾಗಿರಲಿಲ್ಲ.

ಚಂದ್ರಕ್ಕನಿಗೆ ಮೊದಲು ಎರಡು ಬಸಿರು ನಿಲ್ಲಲಿಲ್ಲ. ಮೂರನೆಯ ಸಲ ಚಿತ್ತಮ್ಮ ಜುಂಜಪ್ಪ ದೇವರ ಮುಂದೆ ನಿಂತು ಹರಕೆ ಹೊತ್ತಳು. ಈ ಮಗು ಉಳಿದರೆ ನಮ್ಮ ಮನೆಯಲ್ಲಿ ಮೊದಲು ಹುಟ್ಟುವ ಹೆಣ್ಣುಗರು ನಿನ್ನದು. ಅದರ ಕೊರಳಿಗೆ ಹಗ್ಗ ಹಾಕುವುದಿಲ್ಲ, ಮೈಮೇಲೆ ಕೋಲು ಎತ್ತುವುದಿಲ್ಲ, ಸಂತೆಗೆ ಹೊಡೆಯುವುದಿಲ್ಲ ಎಂದು. ಮಗು ಉಳಿಯಿತು. ಆಮೇಲೆ ಹುಟ್ಟಿದ ಹೆಣ್ಣುಗರುವೇ ಕೆಂದಿ. ಹಾಗಾಗಿ ಚಿತ್ತಮ್ಮ ಕೆಂದಿಯನ್ನು ನೋಡಿದಾಗಲೆಲ್ಲ ಮೊಮ್ಮಗಳನ್ನು ನೋಡಿದ ಹಾಗೇ ನೋಡುತ್ತಿದ್ದಳು. ಶುಕ್ರವಾರ ಬಂದರೆ ಕೊಂಬಿಗೆ ಅರಿಶಿನ, ಹಣೆಗೆ ಕುಂಕುಮ. ಮುದ್ದು ಅಂದರೆ ಅಷ್ಟು ಮುದ್ದು.

ಹಗ್ಗ ಇಲ್ಲದ ಹಸು ಎಲ್ಲಿ ನಿಲ್ಲುತ್ತದೆ? ಬೆಳಿಗ್ಗೆ ಚಿತ್ತಮ್ಮ ಬಣವೆಯಿಂದ ತೆನೆ ಮುರಿದ ಜೋಳದ ಒಣ ದಂಟು, ಅಂದರೆ ಸಪ್ಪೆ, ಒಂದು ಹೊರೆ ಹಿರಿದು ಅಂಗಳಕ್ಕೆ ಎಸೆಯುವಳು. ಕೆಂದಿ ಎಲೆ ಎಲೆ ಆರಿಸಿ ತಿಂದು, ದಂಟನ್ನು ತುಳಿದು, ಅದರ ಮೇಲೇ ಸಗಣಿ ಹಾಕಿ, ತನ್ನ ಪಾಡಿಗೆ ತಾನು ಹೊರಟುಬಿಡುವುದು. ಹಳ್ಳ ದಾಟಿ, ಬಯಲು ದಾಟಿ, ಬಿಸಿಲು ನೆತ್ತಿಗೆ ಬಂದರೂ ಹುಲ್ಲು ಹುಡುಕಿಕೊಂಡು ಅಲೆದು, ಸಂಜೆ ತಾನಾಗಿ ಬರುವುದು. ಬರುವಾಗ ಹೊಟ್ಟೆ ಒಳಗೆ, ಪಕ್ಕೆಲುಬು ಹೊರಗೆ.

ಒಂದು ಬೆಳಿಗ್ಗೆ ಪಕ್ಕದ ಮನೆಯ ಜಯಕ್ಕ ಒನಕೆ ಕೇಳಲು ಬಂದಳು. ಜಯಕ್ಕನ ಮನೆಯಲ್ಲಿ ಒಂದು ಜೊತೆ ಎತ್ತು ಇದ್ದವು. ಒಂದು ಹಸುವೂ ಇತ್ತು. ಹೋದ ಬೇಸಿಗೆಯಲ್ಲಿ ಅದು ಸತ್ತುಹೋಯಿತು. ಹಸು ಕಟ್ಟುತ್ತಿದ್ದ ಗೂಟವನ್ನು ಅವಳು ಇನ್ನೂ ಕಿತ್ತಿರಲಿಲ್ಲ.

ಅಂಗಳದ ತುಂಬ ಬಿದ್ದಿದ್ದ ದಂಟು ನೋಡಿ ಜಯಕ್ಕ ಕೇಳಿದಳು. "ಚಿತ್ತಕ್ಕ, ಇದೇನು, ಅಂಗಳಕ್ಕೆ ಹಾಸಿಗೆ ಹಾಸೀಯ?"

"ನಾನೆಲ್ಲಿ ಹಾಸಿದೆ? ಇವಳು ಹಾಸ್ಯಾಳೆ," ಎಂದು ಚಿತ್ತಮ್ಮ ಕೆಂದಿಯ ಕಡೆ ಕೈ ತೋರಿಸಿದಳು. "ಎಲೆ ತಿಂತಾಳೆ, ದಂಟು ತುಳೀತಾಳೆ. ಮಹಾರಾಣಿ."

"ತುಳೀದೆ ಇನ್ನೇನು ಮಾಡ್ತಾಳೆ? ದಂಟು ಆಳುದ್ದ ಐತೆ. ನಿನಗೆ ಯಾರಾದ್ರೂ ರಾಗಿ ಬೀಸದಂಗೆ, ಮುದ್ದೆ ಮಾಡದಂಗೆ, ಕಾಳೇ ಬಡಿಸಿದ್ರೆ ಉಣ್ತೀಯಾ? ಮಚ್ಚು ತಗಂಡು ಸಣ್ಣಗೆ ಕಡಿದು ಹಾಕು. ನಾಲ್ಕು ಬೆರಳುದ್ದ ಸಾಕು. ಒಂದು ಹಿಡಿ ಉಪ್ಪು ನೀರಿಗೆ ಕಲಸಿ ಅದರ ಮೇಲೆ ಚಿಮುಕಿಸಿ ಬಿಡು. ದಂಟು ಮೆತ್ತಗಾಗ್ತೈತೆ, ರುಚಿಗೆ ದನ ಬುಡಮಟ್ಟ ತಿಂತೈತೆ. ಒಂದು ಹೊರೆ ಹಾಕೋ ಕಡೆ ಅರ್ಧ ಹೊರೆ ಸಾಕಾಗ್ತೈತೆ."

"ಯಾರು ಹೇಳಿದ್ರು ನಿನಗೆ ಇದನ್ನೆಲ್ಲ?"

"ಬಾಗೂರು ದನದ ಆಸ್ಪತ್ರೆ ಡಾಕ್ಟ್ರು. ಏಕಾಂತಪ್ಪೋರು."

ಚಿತ್ತಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು. "ಇವತ್ತು ಕಡಿದು ಹಾಕ್ರಿ ಅಂತಾರೆ. ನಾಳೆ ಒಗ್ಗರಣೆ ಕೊಡ್ರಿ ಅಂತಾರೆ. ನಮ್ಮಪ್ಪನ ಕಾಲದಾಗೆ ಯಾರು ಕಡಿದು ಹಾಕ್ತಿದ್ರು? ದೇವರು ದನಕ್ಕೆ ಹಲ್ಲು ಕೊಟ್ಟಿಲ್ವಾ? ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನಾ ಅಂತ ಗಾದೆನೇ ಐತೆ."

"ಆ ಗಾದೆ ಮನುಷ್ಯರಿಗೆ, ಚಿತ್ತಕ್ಕ. ನಿನ್ನ ಕೆಂದಿಗೆ ಹುಲ್ಲೇ ಮೇಯಿಸಬೇಕು."

ಒಳಗೆ ಮುದ್ದೆ ತೊಳಸುತ್ತಿದ್ದ ಚಂದ್ರಕ್ಕ ಕಿಸಕ್ಕನೆ ನಕ್ಕಳು. ಚಿತ್ತಮ್ಮ ಒಳಗೆ ಒಮ್ಮೆ ದುರುಗುಟ್ಟಿ ನೋಡಿದ ಮೇಲೆ ತೊಳಸುವ ಸದ್ದು ಮತ್ತೆ ಶುರುವಾಯಿತು.

ಜಯಕ್ಕ ಕೆಂದಿಯ ಪಕ್ಕೆಯ ಮೇಲೆ ಕೈಯಾಡಿಸಿದಳು. "ನೋಡು, ಒಂದೊಂದೇ ಎಲುಬು ಎಣಿಸಬಹುದು. ಕೊಂಬಿಗೆ ಮಾತ್ರ ಅರಿಶಿನ. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದಂಗಾತು. ಹೊಟ್ಟೇಲಿ ಕರು ಐತೆ. ಬಿಸಿಲಾಗೆ ಹಳ್ಳದ ಆಚೆವರೆಗೂ ನಡೀತಾಳೆ, ನಾಲ್ಕು ಗರಿಕೆ ಮೇಯ್ತಾಳೆ. ಮೇಯ್ದಿದ್ದೆಲ್ಲ ನಡಿಗೆಗೇ ಸರಿಹೋಗ್ತೈತೆ. ಕರುಗೆ ಏನು ಉಳೀತು?"

"ಕಟ್ಟಿಹಾಕು ಅಂತೀಯ. ಅದನ್ನ ಬಾಯಿಬಿಟ್ಟು ಹೇಳು. ಹಟ್ಟಿಯೆಲ್ಲ ಅದನ್ನೇ ಹೇಳ್ತೈತೆ."

"ಕಟ್ಟು ಅಂತ ನಾನಂದ್ನಾ? ಹರಕೆ ನನಗೆ ಗೊತ್ತಿಲ್ವಾ? ಆ ದಿನ ದೇವರ ಮುಂದೆ ನಿನ್ನ ಪಕ್ಕದಾಗೆ ನಿಂತಿದ್ದೋಳು ನಾನೇ." ಜಯಕ್ಕ ದನಿ ತಗ್ಗಿಸಿ ಹೇಳಿದಳು. "ಇನ್ನೊಂದು ಮಾತು. ಇನ್ನೇನು ಭರಣಿ ಮಳೆ ಬರೋ ಹೊತ್ತು. ಒಂದು ಹದ ಬಿದ್ರೆ ಓಬಣ್ಣನ ಹೊಲದಾಗೆ ಜೋಳದ ಕೂಳೆ ಒಡೀತೈತೆ. ಅದಕ್ಕೆ ಮಾತ್ರ ಕೆಂದೀನ ಬಿಡಬ್ಯಾಡ. ಅದು ವಿಷ."

ಜೋಳ ಕೊಯ್ದ ಮೇಲೆ ನೆಲದಲ್ಲಿ ಉಳಿದ ಬುಡ ಮಳೆ ಬಿದ್ದಾಗ ಮತ್ತೆ ಚಿಗುರುತ್ತದಲ್ಲ, ಅದೇ ಕೂಳೆ. ನೋಡಲು ಹಸಿರು, ಮುಟ್ಟಲು ಮೆತ್ತಗೆ. ಬೇಸಿಗೆಯಿಡೀ ಒಣ ಸಪ್ಪೆ ತಿಂದ ದನಕ್ಕೆ ಅದನ್ನು ಕಂಡರೆ ಪ್ರಾಣ.

"ಹಸಿರು ವಿಷ ಆಗ್ತೈತಾ?" ಎಂದಳು ಚಿತ್ತಮ್ಮ.

"ನನ್ನ ಹಸು ಹೋಗಿದ್ದು ಅದರಿಂದಲೇ. ಡಾಕ್ಟ್ರು ಬಂದು ನೋಡಿ ಹೇಳಿದ್ರು."

ಆಗ ಚಿತ್ತಮ್ಮ ಆಡಬಾರದ ಮಾತು ಆಡಿದಳು. "ನಿನ್ನ ಹಸು ಹೋಗಿದ್ದು ನಿನ್ನ ಗ್ರಹಚಾರ, ಜಯಾ. ನೋಡ್ಕಳೋಕೆ ಬರಲಿಲ್ಲ, ಹೋತು. ನನ್ನದು ದೇವರ ಹಸು. ಯಾವ ವಿಷ ಮುಟ್ಟುತ್ತೆ ಅದನ್ನ?"

ಜಯಕ್ಕ ಒನಕೆಯನ್ನೂ ತೆಗೆದುಕೊಳ್ಳದೆ ಎದ್ದು ಹೋದಳು. ಮಾತು ಬಾಯಿಂದ ಬಿದ್ದ ಮೇಲೆ ಚಿತ್ತಮ್ಮನಿಗೂ ಚುರುಕ್ಕೆಂದಿತು. ಆದರೆ ಹಿಂದಕ್ಕೆ ಕರೆಯಲು ಬಿಗುಮಾನ. ಇಪ್ಪತ್ತು ವರ್ಷ ಒಂದೇ ಬಾವಿಯ ನೀರು ಸೇದಿದ ಇಬ್ಬರು ಹೆಂಗಸರು ಅವತ್ತಿನಿಂದ ಒಬ್ಬರ ಮುಖ ಒಬ್ಬರು ನೋಡದೆ ಕೊಡ ತುಂಬಿಕೊಳ್ಳುವ ಹಾಗಾಯಿತು.

ಭರಣಿ ಮಳೆ ಬಂತು. ಭರಣಿ ಸುರಿದರೆ ಧರಣಿಯೆಲ್ಲ ಬೆಳೆ ಎಂದು ಹಿರಿಯರು ಹೇಳಿದ್ದು ಸುಳ್ಳಲ್ಲ. ಆದರೆ ಅದು ಬಿತ್ತುವವನಿಗೆ ಹೇಳಿದ ಮಾತು. ಒಂದೇ ಒಂದು ಸಂಜೆ ಸುರಿದು ಮಳೆ ಹೋಯಿತು. ಮತ್ತೆ ಅದೇ ಬಿಸಿಲು. ಒಂದು ವಾರ ಕಳೆಯುವುದರೊಳಗೆ ಹಳ್ಳದ ಆಚೆ ಓಬಣ್ಣನ ಹೊಲ ಹಸಿರಾಯಿತು. ಹಟ್ಟಿಯಲ್ಲಿ ನಿಂತು ನೋಡಿದರೂ ಕಾಣುತ್ತಿತ್ತು.

"ನೋಡೇ ಚಂದ್ರಿ," ಎಂದಳು ಚಿತ್ತಮ್ಮ. "ದೇವರು ಕಣ್ಣು ಬಿಟ್ಟ. ನಮ್ಮ ಕೆಂದಿಗೆ ಇನ್ನು ಚಿಂತೆ ಇಲ್ಲ."

"ಅತ್ತೆ, ಜಯಕ್ಕ ಹೇಳಿದ್ರಲ್ಲ," ಎಂದು ಚಂದ್ರಕ್ಕ ಅರ್ಧಕ್ಕೆ ನಿಲ್ಲಿಸಿದಳು. ಅತ್ತೆಯ ಮುಂದೆ ಪೂರ್ತಿ ಹೇಳುವ ಧೈರ್ಯ ಆ ಹುಡುಗಿಗೆ ಇರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ, ಬಿಸಿಲು ಇನ್ನೂ ಏರಿರಲಿಲ್ಲ. ಹಳ್ಳದ ಕಡೆಯಿಂದ ಯಾರೋ ಕೂಗಿದಂತಾಯಿತು. ಚಿತ್ತಮ್ಮ ಹೊರಗೆ ಬಂದು ನೋಡಿದರೆ ಜಯಕ್ಕ. ತಲೆಯ ಮೇಲಿನ ಸೌದೆ ಹೊರೆ ಅಲ್ಲೇ ಬಿದ್ದಿದೆ. ಓಬಣ್ಣನ ಹೊಲದ ಬದುವಿನ ಮೇಲೆ ಎರಡೂ ಕೈ ಚಾಚಿ ಅಡ್ಡ ನಿಂತಿದ್ದಾಳೆ. ಅವಳ ಎದುರಿಗೆ ಕೆಂದಿ. ಹೊಲಕ್ಕೆ ನುಗ್ಗಲು ಅದು ಈ ಕಡೆ ಬಂದರೆ ಅವಳು ಈ ಕಡೆ, ಆ ಕಡೆ ಹೋದರೆ ಆ ಕಡೆ. ಹಗ್ಗ ಹಾಕುವಂತಿಲ್ಲ, ಕೋಲು ಎತ್ತುವಂತಿಲ್ಲ. ಯಾರ ಹರಕೆಯೋ, ಅದನ್ನು ಕಾಯುತ್ತಿದ್ದವಳು ಇವಳು.

"ಚಿತ್ತಕ್ಕ, ಬೇಗ ಬಾ. ನಾನು ನೋಡೋ ಹೊತ್ತಿಗೆ ಒಂದಷ್ಟು ತಿಂದುಬಿಟ್ಟಾಳೆ."

ಚಿತ್ತಮ್ಮ ಓಡಿದಳು. ಅವಳು ಹತ್ತಿರ ಬರುವ ಹೊತ್ತಿಗೆ ಕೆಂದಿ ನುಗ್ಗುವುದನ್ನು ನಿಲ್ಲಿಸಿತ್ತು. ಮೂಗಿನ ಹೊಳ್ಳೆ ಅರಳಿಸಿ ಏದುಸಿರು ಬಿಡುತ್ತಿತ್ತು. ಬಾಯಲ್ಲಿ ನೊರೆ. ಹಿಂಗಾಲು ನಡುಗಿ, ಕುಡಿದವರಂತೆ ತೂರಾಡಿತು. ಎರಡು ಹೆಜ್ಜೆ ಚಿತ್ತಮ್ಮನ ಕಡೆಗೇ ಬಂದು ಮುಂಗಾಲು ಮಡಿಸಿ ಕುಸಿಯಿತು.

"ಚಂದ್ರಿ," ಎಂದು ಜಯಕ್ಕ ಹಿಂದೆಯೇ ಓಡಿ ಬರುತ್ತಿದ್ದ ಚಂದ್ರಕ್ಕನಿಗೆ ಕೂಗಿ ಹೇಳಿದಳು. "ಇಲ್ಲಿ ನಿಲ್ಲಬ್ಯಾಡ, ಬಾಗೂರಿಗೆ ಓಡು. ಡಾಕ್ಟ್ರಿಗೆ ಕೂಳೆ ತಿಂದೈತೆ ಅಂತಲೇ ಹೇಳು. ಸುಮ್ಮನೆ ಹಸುಗೆ ಹುಷಾರಿಲ್ಲ ಅನ್ನಬ್ಯಾಡ. ಕೂಳೆ ಅಂದ್ರೆ ಅದರ ಔಷಧಿನೇ ತರ್ತಾರೆ."

ಅಷ್ಟರಲ್ಲಿ ಹಟ್ಟಿಯವರು ನಾಲ್ಕಾರು ಜನ ಬಂದರು. ಕಣ್ಣು ಬಿದ್ದಿದೆ, ದೇವರ ಅರಿಶಿನ ಬಂಡಾರ ಹಚ್ಚಿ ಎಂದರು ಒಬ್ಬರು. ಬಾಯಿಗೆ ಎಣ್ಣೆ ಹುಯ್ಯಿರಿ ಎಂದರು ಇನ್ನೊಬ್ಬರು. ಜಯಕ್ಕ ಯಾರಿಗೂ ಬಿಡಲಿಲ್ಲ. "ಬಂಡಾರ ಹಚ್ಚಿ, ಬ್ಯಾಡ ಅನ್ನಲ್ಲ. ಬಾಯಿಗೆ ಮಾತ್ರ ಏನೂ ಹುಯ್ಯಬ್ಯಾಡ್ರಿ. ಉಸಿರಿಗೆ ಒದ್ದಾಡೋ ದನಕ್ಕೆ ನೆತ್ತಿಗೇರ್ತೈತೆ. ಎಲ್ಲರೂ ಸರೀರಿ, ಗಾಳಿ ಬಿಡ್ರಿ."

ಚಿತ್ತಮ್ಮ ಕೆಂದಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. "ನಾನೇ ಕಳಿಸಿದೆ ಕಣವ್ವ ನಿನ್ನ. ಹಸಿರು ಅಂತ ನಾನೇ ಹಿಗ್ಗಿದೆ," ಎನ್ನುತ್ತಿದ್ದಳು. ಒಳಗೆ ಒಂದೇ ಹೆದರಿಕೆ. ಮೊಮ್ಮಗಳಿಗಾಗಿ ಬಿಟ್ಟ ಹಸು ಇದು. ಇದು ಹೋದರೆ, ಹೊಟ್ಟೆಯಲ್ಲಿದ್ದುದೂ ಹೋದರೆ, ತಾನು ಆ ಮಗುವಿನ ಮುಖ ಹೇಗೆ ನೋಡುವುದು?

ಏಕಾಂತಪ್ಪ ಡಾಕ್ಟರು ಸೈಕಲ್ ತುಳಿದುಕೊಂಡು ಬಂದರು. ಅಂಗಿ ಬೆವರಿಗೆ ಅಂಟಿಕೊಂಡಿತ್ತು. ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರು, ಚೀಲದಿಂದ ದಪ್ಪ ಸೂಜಿ ತೆಗೆದರು. "ಕೊರಳಿನ ರಕ್ತನಾಳಕ್ಕೇ ಚುಚ್ಚಬೇಕು. ಒದ್ದಾಡಬಾರದು. ಹಗ್ಗ ಹಾಕಿ ಹಿಡ್ಕಳ್ರಿ."

ಹೊಲದ ಓಬಣ್ಣ ಹಗ್ಗ ತಂದಿದ್ದ. ಒಳ್ಳೆಯ ಮನುಷ್ಯ, ನನ್ನ ಹೊಲ ಮೇಯ್ದಿತು ಎಂಬ ಮಾತೇ ಎತ್ತಲಿಲ್ಲ. ಅವನು ಹಗ್ಗ ಬಿಚ್ಚುತ್ತಿದ್ದಂತೆ ಚಿತ್ತಮ್ಮ ತಲೆ ಎತ್ತಿ ನೋಡಿದಳು. ಹರಕೆ ಎಲ್ಲರಿಗೂ ಗೊತ್ತಿತ್ತು.

"ಹಗ್ಗ ಬ್ಯಾಡ, ಡಾಕ್ಟ್ರೇ," ಎಂದಳು ಚಿತ್ತಮ್ಮ. "ನಾನೇ ಹಿಡೀತೀನಿ."

"ಅಮ್ಮ, ಅಲ್ಲಾಡಿದ್ರೆ ಸೂಜಿ ಮುರೀತೈತೆ."

"ನಾನು ಹಿಡಿದ್ರೆ ಅಲ್ಲಾಡಲ್ಲ. ನೀವು ಚುಚ್ಚ್ರಿ."

ಅವಳು ಎರಡೂ ತೋಳುಗಳಿಂದ ಕೆಂದಿಯ ಕೊರಳು ಬಳಸಿ, ಕೆನ್ನೆಯನ್ನು ಅದರ ಕೆನ್ನೆಗೆ ಒತ್ತಿ ಹಿಡಿದಳು. ಜಯಕ್ಕ ಇನ್ನೊಂದು ಪಕ್ಕ ಬಂದು ಒಂದು ಕೈಯಲ್ಲಿ ಕೊಂಬು ಹಿಡಿದು, ಇನ್ನೊಂದು ಕೈಯನ್ನು ಕೊರಳಿಗೆ ಆನಿಸಿದಳು. ಇಬ್ಬರ ಕೈಗಳೂ ಕೆಂದಿಯ ಕೊರಳ ಕೆಳಗೆ ಒಂದಕ್ಕೊಂದು ಸಿಕ್ಕಿದವು. ಚಿತ್ತಮ್ಮ ಆ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಡಾಕ್ಟರು ನಿಧಾನವಾಗಿ ಔಷಧಿ ಇಳಿಸಿದರು. ಕೆಂದಿ ಕದಲಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಉಸಿರು ಇಳಿಯಿತು. ಕಿವಿ ಅಲ್ಲಾಡಿತು. ಇನ್ನೂ ಸ್ವಲ್ಪ ಹೊತ್ತಿಗೆ ಕೆಂದಿ ತೂರಾಡುತ್ತಲೇ ಎದ್ದು ನಿಂತು ಚಿತ್ತಮ್ಮನ ಸೆರಗಿಗೆ ಬಾಯಿ ಹಾಕಿತು.

ಡಾಕ್ಟರು ಅದರ ಹೊಟ್ಟೆಯನ್ನು ಒತ್ತಿ ನೋಡಿದರು. "ಕರು ಜೀವಂತ ಐತೆ. ಒದೀತೈತೆ. ಬೆಳಿಗ್ಗೆ ಇದಕ್ಕೆ ಏನು ಹಾಕಿದ್ರಿ?"

"ಒಂದು ಹೊರೆ ಸಪ್ಪೆ ಹಾಕಿದ್ದೆ. ಅರ್ಧಕ್ಕರ್ಧ ತುಳಿದು ಹೋಗಿದ್ಲು," ಎಂದಳು ಚಿತ್ತಮ್ಮ ತಲೆ ತಗ್ಗಿಸಿ.

"ಅಷ್ಟೇ ಅಲ್ಲ. ಇನ್ನೂ ಏನೋ ತಿಂದೈತೆ, ಹೊಟ್ಟೆ ತುಂಬಿ ಗಟ್ಟಿ ಐತಲ್ಲ. ಖಾಲಿ ಹೊಟ್ಟೇಲಿ ಇದ್ದಿದ್ರೆ ಗಬಗಬ ಮೇಯ್ದು ಇಷ್ಟೊತ್ತಿಗೆ ಮುಗಿದುಹೋಗಿರೋದು. ಹಸಿದ ದನಕ್ಕೇ ಕೂಳೆಯ ಹೊಡೆತ ಜಾಸ್ತಿ."

ಆಗ ಜಯಕ್ಕ ಮೆಲ್ಲಗೆ ಹೇಳಿದಳು. "ನಮ್ಮ ಹಿತ್ತಲಾಗೆ ಒಂದು ಪುಟ್ಟಿ ತಿಂದಿದ್ಲು. ಎತ್ತಿಗೆ ಕಡೀತೀನಲ್ಲ, ಅದರಾಗೆ ಒಂದು ಪಾಲು. ಬೆಳಿಗ್ಗೆ ಹೋಗೋ ದಾರೀಲಿ ಬಾಗಿಲಿಗೆ ಬಂದು ನಿಲ್ತಾಳೆ, ಹಾಕ್ತೀನಿ."

"ಎಷ್ಟು ದಿನದಿಂದ?" ಎಂದಳು ಚಿತ್ತಮ್ಮ.

"ದಿನಾ," ಎಂದಳು ಜಯಕ್ಕ.

ಆ ಜಗಳದ ಮಾರನೆಯ ದಿನದಿಂದ. ಮನುಷ್ಯರ ಮೇಲಿನ ಮುನಿಸನ್ನು ಜಯಕ್ಕ ದನದ ಹೊಟ್ಟೆಯ ಮೇಲೆ ತೋರಿಸಿರಲಿಲ್ಲ. ಚಿತ್ತಮ್ಮ ಹೊಲದ ಬದುವಿನ ಮೇಲೇ ಕುಳಿತು ಮುಖ ಮುಚ್ಚಿಕೊಂಡು ಅತ್ತಳು. "ನನ್ನ ಬಾಯಿ ಕೆಟ್ಟದ್ದು ಜಯಾ. ನೀನು ಹಸು ಕಳಕಂಡು ಕಲಿತದ್ದನ್ನ ನನಗೆ ಪುಕ್ಕಟೆ ಹೇಳೋಕೆ ಬಂದಿದ್ದೆ. ನಾನು ನಿನ್ನ ಗಾಯಕ್ಕೆ ಉಪ್ಪು ಹಾಕಿದೆ."

"ಉಪ್ಪು ಗಾಯಕ್ಕಲ್ಲ, ಸಪ್ಪೆಗೆ ಹಾಕು ಅಂದಿದ್ದೆ," ಎಂದಳು ಜಯಕ್ಕ. ಅಳುತ್ತಿದ್ದ ಚಿತ್ತಮ್ಮನಿಗೂ ನಗು ಬಂತು.

ಕೆಂದಿಯನ್ನು ಮೆಲ್ಲಗೆ ನಡೆಸಿಕೊಂಡು ಎಲ್ಲರೂ ಚಿತ್ತಮ್ಮನ ಮನೆಗೆ ಬಂದರು. ಡಾಕ್ಟರು ಬಾನಿಯ ನೀರಲ್ಲಿ ಕೈ ತೊಳೆದು, ಅಂಗಳದ ಜಗುಲಿಯ ಮೇಲೆ ಕುಳಿತು ಮಜ್ಜಿಗೆ ಕುಡಿದರು. ಆಗ ಚಂದ್ರಕ್ಕ ಧೈರ್ಯ ಮಾಡಿ ಕೇಳಿದಳು. "ಜೋಳ ತಿಂದೇ ನಮ್ಮ ದನ ಬದುಕಿರೋದು. ಅದು ಹೆಂಗೆ ವಿಷ ಆಗ್ತೈತೆ, ಡಾಕ್ಟ್ರೇ?"

"ಒಳ್ಳೇ ಪ್ರಶ್ನೆ ಕೇಳಿದೆ ತಾಯಿ. ಬೆಳೆದ ಜೋಳ ವಿಷ ಅಲ್ಲ. ಎಳೇ ಪೈರು, ನೀರಿಲ್ಲದೆ ಬಾಡಿ ಸೊರಗಿದ ಪೈರು, ಕೂಳೆ, ಇವುಗಳಾಗೆ ವಿಷ ಇರ್ತೈತೆ. ಪೈರು ಎದೆಮಟ್ಟ ಬೆಳೆದು ತೆನೆ ಕಟ್ಟಿದ ಮೇಲೆ ಅದು ಇಳಿದುಹೋಗ್ತೈತೆ. ಕೂಳೆ ಕೊಯ್ದು ಬಿಸಿಲಿಗೆ ಗರಿಗರಿ ಒಣಗಿಸಿದ್ರೂ ಇಳೀತೈತೆ, ಆಮೇಲೆ ಹಾಕಬಹುದು. ಹಸಿಯಾಗಿ ಮಾತ್ರ ಮೇಯಿಸಬ್ಯಾಡ್ರಿ. ದನ ಏದುಸಿರು ಬಿಟ್ರೆ, ನೊರೆ ಬಂದ್ರೆ, ತೂರಾಡಿದ್ರೆ, ಮಂತ್ರ ಹಾಕೋನ ಮನೆಗಿಂತ ಮೊದಲು ಆಸ್ಪತ್ರೆಗೆ ಬರ್ರಿ. ಹೊತ್ತು ಮೀರಿದ್ರೆ ನಾನು ಬಂದೂ ಉಪಯೋಗ ಇಲ್ಲ."

"ಹಂಗಾದ್ರೆ ಇವಳನ್ನ ಹೊಲಕ್ಕೆ ಹೋಗದಂಗೆ ತಡೆಯೋದು ಹೆಂಗೆ? ಹಗ್ಗ ಹಾಕಂಗಿಲ್ಲ," ಎಂದಳು ಚಿತ್ತಮ್ಮ.

ಡಾಕ್ಟರು ಕೆಂದಿಯ ಕಡೆ ನೋಡಿದರು. ಅದು ಅಂಗಳದ ಹೊಂಗೆಯ ಮರದ ನೆರಳಲ್ಲಿ ಮಲಗಿತ್ತು. "ಹರಕೆಯಾಗೆ ಹಗ್ಗ ಬ್ಯಾಡ ಅಂದೀರಿ. ಹೊಟ್ಟೆ ತುಂಬ ಹಾಕಬ್ಯಾಡ ಅಂತ ಏನಾದ್ರೂ ಅಂದೀರಾ?"

ಚಿತ್ತಮ್ಮ ಇಲ್ಲವೆಂದು ತಲೆ ಅಲ್ಲಾಡಿಸಿದಳು.

"ಹೊಟ್ಟೆ ತುಂಬಿದ ದನ ಬಿಸಿಲಾಗೆ ಯಾಕೆ ಅಲೀತೈತೆ? ನೆರಳು, ನೀರು, ಮೇವು ಇದ್ದ ಕಡೆ ತಾನೇ ನಿಲ್ತೈತೆ. ಜಯಕ್ಕನ ಬಾಗಿಲಾಗೆ ನಿಂತಿಲ್ವಾ ದಿನಾ?"

ಅವತ್ತು ಸಂಜೆಯೇ ಚಿತ್ತಮ್ಮ ಮಚ್ಚು ಮಸೆದಳು. ಜಯಕ್ಕ ಪಕ್ಕದಲ್ಲಿ ಕುಳಿತು ತೋರಿಸಿದಳು. ಕಡಿದ ಸಪ್ಪೆಗೆ ಉಪ್ಪು ನೀರು, ಮೇಲೆ ಒಂದಿಷ್ಟು ಹುರುಳಿ ಹೊಟ್ಟು. ನೆಲಕ್ಕೆ ಎಸೆಯದೆ, ಹಳೆಯ ಹಲಗೆಗಳನ್ನು ಕಲ್ಲಿಗೆ ಆನಿಸಿ ಒಂದು ಗೋದಲಿ ಮಾಡಿದರು. ಕೆಂದಿ ಅದರಲ್ಲಿ ಮುಖ ಇಟ್ಟದ್ದು ತಳ ನೆಕ್ಕಿಯೇ ಎತ್ತಿತು. ಚಿತ್ತಮ್ಮ ಬಗ್ಗಿ ನೋಡಿದಳು. ಒಂದು ದಂಟೂ ಉಳಿದಿರಲಿಲ್ಲ. "ಅಯ್ಯೋ ಇವಳ, ಇಷ್ಟು ದಿನ ಹಲ್ಲಿಲ್ಲದ ನಾಟಕ ಆಡ್ತಿದ್ಲಾ," ಎಂದಳು.

ಬಣವೆ ಅಷ್ಟು ಹೊತ್ತಿಗೆ ಮುಕ್ಕಾಲು ಕರಗಿತ್ತು. ಜಯಕ್ಕ ಅದನ್ನು ಒಂದು ಸುತ್ತು ಹಾಕಿ ಬಂದಳು. "ರೋಹಿಣಿ ಮಳೆವರೆಗೂ ಇದು ಬರಬೇಕು. ಇಲ್ಲಿಗೆ ಒಂದು ಕಡ್ಡಿ ಚುಚ್ಚು. ಈ ಅಮಾವಾಸ್ಯೆವರೆಗೂ ಕಡ್ಡಿ ದಾಟಬಾರದು. ಮುಂದಿನ ವರ್ಷ ಸುಗ್ಗಿಯಾಗೇ ಹಿಂಗೆ ಭಾಗ ಮಾಡ್ಕ. ಖಾಲಿ ಆದ ಮೇಲೆ ಲೆಕ್ಕ ಹಾಕೋದು, ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂಗೆ."

ಆದರೂ ಸಪ್ಪೆ ಸಾಲದು. ಅದಕ್ಕೆ ಮರಗಳಿದ್ದವು. ಚಂದ್ರಕ್ಕ ಬೆಳಿಗ್ಗೆ ತಂಪು ಹೊತ್ತಿನಲ್ಲಿ ಹೋಗಿ ಆಲ, ಅತ್ತಿ, ಕಮರದ ಕೊಂಬೆ ಕಡಿದು ತರುವಳು. ಒಂದೇ ಮರವನ್ನು ಬೋಳಿಸದೆ, ಇವತ್ತು ಈ ಮರದ್ದು ಎರಡು ಕೊಂಬೆ, ನಾಳೆ ಆ ಮರದ್ದು ಎರಡು. ಮರ ಉಳಿದರೆ ಮುಂದಿನ ಬೇಸಿಗೆಗೂ ಸೊಪ್ಪು. ತಂದ ಸೊಪ್ಪನ್ನು ನೆರಳಲ್ಲಿ ಬಾಡಿಸಿ ಸಪ್ಪೆಯ ಜೊತೆ ಬೆರೆಸುವರು. ಜಾಲಿಕಾಯಿ ಉದುರುವ ಕಾಲ. ಅದನ್ನು ಗುಡಿಸಿ ಚೀಲಕ್ಕೆ ತುಂಬಿದರು. ಮುದ್ದೆಯ ಪಾತ್ರೆ ತೊಳೆದ ನೀರು, ಅಕ್ಕಿ ತೊಳೆದ ನೀರು ಚರಂಡಿಗೆ ಹೋಗುವುದು ನಿಂತು ಕೆಂದಿಯ ಬಾನಿಗೆ ಹೋಯಿತು. ಬೆಳಿಗ್ಗೆ ತಂಪಿನಲ್ಲಿ ಒಂದು ಸುತ್ತು ಮೇಯಲು ಚಿತ್ತಮ್ಮನೇ ಜೊತೆಗೆ ಹೋಗುವಳು. ಬಿಸಿಲು ಏರುವ ಮೊದಲು ಇಬ್ಬರೂ ಮನೆಗೆ. ಆಮೇಲೆ ಹೊಂಗೆಯ ನೆರಳು ಬಿಟ್ಟು ಕೆಂದಿ ಎಲ್ಲಿಗೂ ಹೋಗುತ್ತಿರಲಿಲ್ಲ. ಹೋಗುವುದಿದ್ದರೆ ಜಯಕ್ಕನ ಬಾಗಿಲಿಗೆ. ಅದು ಹಳೆಯ ಋಣ.

ಮೃಗಶಿರ ಮಳೆ ಹಿಡಿದ ಮೇಲೆ ಕಾಟಲಿಂಗಪ್ಪ ಕುರಿ ಹೊಡೆದುಕೊಂಡು ಬಂದ. ಅಂಗಳದಲ್ಲಿ ಗೋದಲಿ ನೋಡಿದ, ಮಚ್ಚು ನೋಡಿದ, ಕಡ್ಡಿ ಚುಚ್ಚಿದ ಬಣವೆ ನೋಡಿದ. ಇನ್ನೂ ನಾಲ್ಕು ಹೊರೆ ಉಳಿದಿತ್ತು. "ಏನಿದು, ಮನೆ ಬಿಟ್ಟು ಹೋದಾಗ ಇದ್ದ ಹೆಂಡತಿನೇ ಇಲ್ಲಿರೋದಾ?" ಎಂದ. ಅಷ್ಟರಲ್ಲಿ ಹೊಂಗೆಯ ಮರದ ಕೆಳಗಿಂದ ಸಣ್ಣ ದನಿಯಲ್ಲಿ ಅಂಬಾ ಎಂದದ್ದು ಕೇಳಿಸಿತು. ಕೆಂದಿಯ ಪಕ್ಕದಲ್ಲಿ ಮೂರು ದಿನದ ಹೆಣ್ಣುಗರು. ಅದೇ ಕೆಂಪು ಮೈ, ಹಣೆಯಲ್ಲಿ ಮಾತ್ರ ಬೊಟ್ಟಿರಲಿಲ್ಲ. ಮೊಮ್ಮಗಳು ಅದಕ್ಕೂ ಕುಂಕುಮ ಇಟ್ಟಿದ್ದಳು.

ಕಾಟಲಿಂಗಪ್ಪ ಎಲ್ಲ ಕೇಳಿದ. ಜಾಲಿಕಾಯಿಯ ಚೀಲದೊಳಗೆ ಕೈ ಹಾಕಿ ನೋಡಿ, "ಆ ಜಾಲಿಕಾಯಿ ಕುರಿಗೂ ಆಗ್ತೈತಲ್ಲ. ಮುಂದಿನ ವರ್ಷ ಇನ್ನೂ ಎರಡು ಚೀಲ ಜಾಸ್ತಿ ಕೂಡಿಡಾಣ," ಎಂದ. ಅವನು ಒಪ್ಪಿದ ಎನ್ನಲು ಅಷ್ಟು ಸಾಕು.

ಗಿಣ್ಣದ ಹಾಲಿನಲ್ಲಿ ಮೊದಲ ಪಾಲು ದೇವರಿಗೆ ಹೋಗಿತ್ತು. ಎರಡನೆಯ ಪಾಲನ್ನು ಚಿತ್ತಮ್ಮ ಜಯಕ್ಕನ ಮನೆಗೆ ತಾನೇ ಹೊತ್ತು ಕೊಟ್ಟು ಬಂದಿದ್ದಳು. ಜೊತೆಗೆ, ಅವತ್ತು ಬಿಟ್ಟು ಹೋಗಿದ್ದ ಒನಕೆಯನ್ನೂ.

ದೀಪಾವಳಿ ಬಂತು. ಹಟ್ಟಿಯಲ್ಲಿ ದನಗಳ ಮೈ ತೊಳೆದು ಹೂ ಮುಡಿಸುವ ದಿನ. ಕರು ಅಷ್ಟು ಹೊತ್ತಿಗೆ ಮೇವು ಕಲಿತು ಗುಂಡಗಾಗಿತ್ತು. ಚಿತ್ತಮ್ಮ ಒಂದು ಹಿಡಿ ಕಡಿದ ಮೇವನ್ನು ಸೆರಗಿನಲ್ಲಿ ಕಟ್ಟಿಕೊಂಡು ಜಯಕ್ಕನ ಹಿತ್ತಲಿಗೆ ಬಂದಳು. ಕರು ಮೇವಿನ ವಾಸನೆಗೆ ಅವಳ ಹಿಂದೆ ಹಿಂದೆಯೇ ಬಂತು. ಅವಳು ಆ ಮೇವನ್ನು ಖಾಲಿ ಗೂಟದ ಬುಡದಲ್ಲಿ ಸುರಿದಳು.

"ಇದೇನು ಚಿತ್ತಕ್ಕ?"

"ದೇವರ ಹಸುವಿನ ಕರು. ಮಾರೋ ಹಂಗಿಲ್ಲ. ಕೊಡಬಹುದು. ಈ ಗೂಟ ಇನ್ನು ಖಾಲಿ ನೋಡೋಕಾಗಲ್ಲ ನನಗೆ."

ಜಯಕ್ಕ ಕರುವಿನ ಬೆನ್ನ ಮೇಲೆ ಕೈಯಿಟ್ಟಳು. "ಇದಕ್ಕೂ ಹಗ್ಗ ಹಾಕಂಗಿಲ್ವಾ?" ಎಂದಳು.

"ಹೊಟ್ಟೆ ತುಂಬ ಹಾಕು," ಎಂದಳು ಚಿತ್ತಮ್ಮ. "ಹಗ್ಗ ಯಾಕೆ ಬೇಕು?"

ಅಕ್ಕಂದಿರೇ, ಅಣ್ಣಂದಿರೇ, ಈ ಕಥೆಯನ್ನು ಓದಿದವರು ಓದು ಬಾರದವರಿಗೆ ಒಮ್ಮೆ ಓದಿ ಹೇಳಿ. ಆಮೇಲೆ ಎದ್ದು ನಿಮ್ಮ ಬಣವೆಯ ಹತ್ತಿರ ಹೋಗಿ. ಮಳೆ ಹಿಡಿಯುವವರೆಗೂ ಬರುತ್ತದೆಯೇ ನೋಡಿ, ಈಗಲೇ ಕಡ್ಡಿ ಚುಚ್ಚಿ. ಸಪ್ಪೆಯನ್ನು ಕಡಿದು, ಉಪ್ಪು ನೀರು ಚಿಮುಕಿಸಿ, ಗೋದಲಿಯಲ್ಲಿ ಹಾಕಿ. ಸೊಪ್ಪಿನ ಮರವನ್ನು ಬೋಳಿಸದೆ ಬಳಸಿ. ನಡು ಬಿಸಿಲಿನಲ್ಲಿ ದನವನ್ನು ಅಲೆಸಬೇಡಿ. ಮೊದಲ ಮಳೆಗೆ ಹಸಿರಾದ ಜೋಳದ ಹೊಲ ಕಂಡರೆ ಹಿಗ್ಗುವ ಮೊದಲು ಕೆಂದಿಯನ್ನು ನೆನೆಸಿಕೊಳ್ಳಿ. ನೆರೆಮನೆಯ ಹಸು ಆ ಕಡೆ ಹೊರಟಿದ್ದರೆ, ಅವರ ಜೊತೆ ಮಾತು ಬಿಟ್ಟಿದ್ದರೂ ಸರಿ, ಹೋಗಿ ಅಡ್ಡ ನಿಲ್ಲಿ.

ಕೆಂದಿಗೆ ಜಯಕ್ಕ ಇದ್ದಳು. ನಿಮ್ಮ ಕೊಟ್ಟಿಗೆಯಲ್ಲಿರುವ ಮೂಕಪ್ರಾಣಿಗೆ ನೀವಿದ್ದೀರಿ.